ಗಿರಿಜೆಯ ಲೈಸೆನ್ಸಿಗೆ ಅಡ್ಡ ಬಂದ ಬೋಲ್ಟು

ನನ್ನ ಕೈಗುಣದ ಬಗ್ಗೆ ನನಗೆ ಯಾವತ್ತೂ ಅನುಮಾನ ಇರಲಿಲ್ಲ. ಅನುಮಾನ ಇದ್ದದ್ದು ನನ್ನ ಹೆಂಡತಿ ಗಿರಿಜೆಗೆ.

ಶಿರಸಿಯಿಂದ ಬನವಾಸಿಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇದೆ. ಅಪ್ಪ ಹಾಕಿದ್ದು, ಈಗ ನಾನು ನಡೆಸುತ್ತೇನೆ. ಬೆಲ್ಟು ಹರಿದರೆ ನಾನೇ ಜೋಡಿಸುತ್ತೇನೆ. ಕಲ್ಲು ನುಣುಪಾದರೆ ನಾನೇ ಚಾಣ ಹಿಡಿದು ಕಟೆಯುತ್ತೇನೆ. ಕಲ್ಲನ್ನು ಹಿಡಿದಿರುವ ನಟ್ಟು ಗಿರಣಿಯ ಹೊಟ್ಟೆಯೊಳಗೆ, ಕಣ್ಣಿಗೆ ಕಾಣದ ಜಾಗದಲ್ಲಿದೆ. ನನಗೆ ಅದನ್ನು ಕಾಣುವ ಅಗತ್ಯವೇ ಇಲ್ಲ. ಕೈ ತೂರಿಸಿ, ಪಾನಾ, ಅಂದರೆ ಸ್ಪ್ಯಾನರು, ಹಚ್ಚಿ, ಎದುರಿಗೆ ಜೋಳದ ಚೀಲ ಹಿಡಿದು ನಿಂತವರ ಜೊತೆ ಊರ ಸುದ್ದಿ ಮಾತಾಡುತ್ತಲೇ ಬಿಚ್ಚಿಬಿಡುತ್ತೇನೆ. ಇಂಥ ಕೈಗೆ ಒಂದು ವ್ಯಾನಿನ ಇಂಜಿನ್ ಇಳಿಸುವುದು ಯಾವ ಮಹಾ ಕೆಲಸ!

ಹೀಗಂತ ನಾನು ಆ ಗುರುವಾರ ಗಿರಿಜೆಗೆ ಹೇಳಿದೆ. ಅವಳು ಜರಡಿ ಹಿಡಿಯುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಆ ನೋಟದ ಅರ್ಥ ನನಗೆ ತಿಳಿಯುತ್ತದೆ.

ವ್ಯಾನಿನ ಕಥೆಗೆ ಮೊದಲು ಅವಳ ಲೈಸೆನ್ಸಿನ ಕಥೆ ಹೇಳಬೇಕು. ಮನೆ ಮನೆಗೆ ಹೋಗಿ ಕಾಳು ತರುವುದು, ಬೀಸಿ, ಜರಡಿ ಹಿಡಿದು, ಹಿಟ್ಟನ್ನು ಮರಳಿ ಅವರ ಬಾಗಿಲಿಗೆ ಮುಟ್ಟಿಸುವುದು, ಇದು ಗಿರಿಜೆ ಸ್ವಂತ ತಲೆಯಿಂದ ಶುರು ಮಾಡಿದ ವ್ಯವಹಾರ. ರೊಟ್ಟಿ ಹಿಟ್ಟು, ರಾಗಿ, ಸಾರಿನ ಪುಡಿ ಎಲ್ಲಕ್ಕೂ ಬೇಡಿಕೆ ಬಂತು. ಅಡಚಣೆ ಒಂದೇ. ವ್ಯಾನು ಓಡಿಸುವವನು ನಾನು. ನನಗೆ ಮಧ್ಯಾಹ್ನ ನಿದ್ದೆ ಬರುತ್ತದೆ. ಕ್ರಿಕೆಟ್ ಮ್ಯಾಚು ಇರುತ್ತದೆ. ಎಲ್ಲಾದರೂ ಊಟದ ಕರೆ ಇರುತ್ತದೆ. ಇವೆಲ್ಲ ಮುಗಿದ ಮೇಲೆ ನಾನು ಹಿಟ್ಟು ಮುಟ್ಟಿಸಲು ಹೋದರೆ ಆ ಮನೆಯವರು ಅಷ್ಟೊತ್ತಿಗೆ ಅನ್ನ ಮಾಡಿಕೊಂಡು ಉಂಡಿರುತ್ತಿದ್ದರು.

ಒಂದು ದಿನ ಅವಳು ಖಡಾಖಂಡಿತ ಹೇಳಿದಳು. "ಪ್ರತಿಯೊಂದಕ್ಕೂ ನಿಮ್ಮ ಮಾರಿ ನೋಡ್ಕೋಂತ ಕುಂಡ್ರಾಕ ನನಗ ಆಗೂದಿಲ್ಲ. ನಾನ ಗಾಡಿ ಕಲೀತೇನಿ."

ಕಲಿತಳು. ಶಾಲೆಯ ಬಯಲಿನಲ್ಲಿ ಕಲಿಸಿದವನು ನಾನು. ಅವಳಿಗಿಂತ ಹೆಚ್ಚು ಬೆವೆತವನೂ ನಾನು. ಶಿರಸಿಯಲ್ಲಿ ಲೈಸೆನ್ಸಿನ ಟೆಸ್ಟಿಗೆ ಒಂದು ದಿನ ನಿಗದಿಯಾಗಿತ್ತು, ಆದರೆ ಆ ದಿನ ನಾನು ವ್ಯಾನು ತೆಗೆದುಕೊಂಡು ಯಾರದೋ ಗೃಹಪ್ರವೇಶದ ಊಟಕ್ಕೆ ಹೋಗಿಬಿಟ್ಟಿದ್ದೆ. ಮರೆತು! ಊಟದಲ್ಲಿ ಹೋಳಿಗೆ ಚೆನ್ನಾಗಿತ್ತು ಎಂದು ಬಂದು ಹೇಳಿದ್ದೂ ತಪ್ಪಾಯಿತು. ಈಗ ಎರಡನೇ ಸಲ ಸೋಮವಾರ ಬೆಳಿಗ್ಗೆ ಟೆಸ್ಟು. ಅವಳ ಕಲಿಕೆಯ ಲೈಸೆನ್ಸಿನ ಅವಧಿ ಅದೇ ವಾರ ಮುಗಿಯುತ್ತಿತ್ತು. ಈ ಸೋಮವಾರ ತಪ್ಪಿದರೆ ಎಲ್ಲವೂ ಮೊದಲಿನಿಂದ.

ಇಂಥ ಸುಮುಹೂರ್ತದಲ್ಲಿ ವ್ಯಾನು ಹೊಗೆ ಬಿಡಲು ಶುರು ಮಾಡಿತು. ಹೊಗೆ ಎಂದರೆ ಸಾದಾ ಹೊಗೆಯಲ್ಲ. ಹಿಂದೆ ಬರುತ್ತಿದ್ದ ಬಸ್ಸಿನ ಡ್ರೈವರು ಹೆಡ್‌ಲೈಟು ಹಾಕಿಕೊಂಡ. ಶಿರಸಿಯ ಮೆಕ್ಯಾನಿಕ್ಕಿಗೆ ಫೋನು ಮಾಡಿದರೆ, "ಪಿಸ್ಟನ್ ರಿಂಗ್ ಹೋಗಿದೆ, ಇಂಜಿನ್ ಇಳಿಸಬೇಕು. ನನ್ನ ಗ್ಯಾರೇಜಲ್ಲಿ ಗಾಡಿ ಸಾಲು ನಿಂತಿದೆ. ನೀವೇ ಇಂಜಿನ್ ಬಿಚ್ಚಿ ಶುಕ್ರವಾರ ತಂದುಕೊಟ್ಟರೆ ಭಾನುವಾರ ವಾಪಸ್ ಕೊಡ್ತೇನೆ ನೋಡಿ" ಎಂದ. ಪಾಪ, ಫೋನು ಇಡಲಿ ಅಂತ ಹೇಳಿದ ಮಾತು. ನಾನು ಅದನ್ನು ಆಮಂತ್ರಣ ಎಂದು ತಿಳಿದೆ.

ಗಿರಿಜೆ ಎರಡು ಸಲಹೆ ಕೊಟ್ಟಳು. "ಹೆಗಡೇರ ವ್ಯಾನ್ ಕೇಳೂಣ್ರೀ. ಇಲ್ಲಾಂದ್ರ ಮಾಂತೇಶಗ ಫೋನ್ ಹಚ್ಚೂಣು."

ಹೆಗಡೇರು ನಮ್ಮ ಖಾಯಂ ಗಿರಾಕಿ. ಶಿರಸಿ ಕಡೆಯ ಪಕ್ಕದ ಊರಿನವರು. ಅವರ ಹತ್ತಿರ ನಮ್ಮದೇ ಥರದ ವ್ಯಾನಿದೆ, ಆದರೆ ಅದು ನೆಂಟರ ಮನೆ ಕಾರ್ಯಕ್ಕೆಂದು ಹೆಗ್ಗರಣೆಗೆ ಹೋಗಿತ್ತು. ಯಾವಾಗ ಬರುತ್ತದೋ ಅವರಿಗೇ ಗೊತ್ತಿರಲಿಲ್ಲ. ಮಹಾಂತೇಶ ಗಿರಿಜೆಯ ತಮ್ಮ, ನನ್ನನ್ನು ಮಾವ ಎನ್ನುತ್ತಾನೆ, ಯಲ್ಲಾಪುರದಲ್ಲಿ ಲಾರಿ ಗ್ಯಾರೇಜು ನಡೆಸುತ್ತಾನೆ. ಅವನನ್ನು ಕರೆಸಬಹುದಿತ್ತು. ಆದರೆ ಹೆಂಡತಿಯ ತಮ್ಮನ ಮುಂದೆ ಪಾನಾ ಹಿಡಿದು ನಿಂತು "ಇದು ಹೆಂಗಪಾ?" ಎಂದು ಕೇಳುವುದೇ? ನನ್ನ ಹೆಂಡತಿ ಕಂಡವರ ಗಾಡಿಯಲ್ಲಿ ಟೆಸ್ಟು ಕೊಡುವುದೇ? ನನ್ನ ಮರ್ಯಾದೆ ಏನಾಗಬೇಕು! ಎರಡೂ ಸಲಹೆಗಳನ್ನು ಕೂಲಂಕಷವಾಗಿ ಪರಿಶೀಲಿಸಿ ತಿರಸ್ಕರಿಸಿದೆ.

ಶುಕ್ರವಾರ ಬೆಳಿಗ್ಗೆ ಗಿರಣಿಯ ಮುಂದಿನ ಅಂಗಳದಲ್ಲಿ ವ್ಯಾನು ನಿಲ್ಲಿಸಿ, ಮುಂದಿನ ಸೀಟು ಎತ್ತಿದೆ. ಈ ವ್ಯಾನಿನಲ್ಲಿ ಇಂಜಿನ್ ಇರುವುದು ಡ್ರೈವರಿನ ಸೀಟಿನ ಅಡಿಯಲ್ಲಿ. ನೀರು ಇಳಿಸಿದೆ, ವೈರು ಕಳಚಿದೆ, ಪೈಪು ಬಿಚ್ಚಿದೆ, ಗೇರ್ ಬಾಕ್ಸಿನಿಂದ ಬಿಡಿಸಿದೆ. ಇಂಜಿನ್ನನ್ನು ಗಾಡಿಗೆ ಹಿಡಿದಿಟ್ಟ ದೊಡ್ಡ ಬೋಲ್ಟುಗಳಲ್ಲಿ ಮೇಲಿನಿಂದ ಕಾಣುವ ಮೂರು, ಬೆಣ್ಣೆಯೊಳಗಿನ ಕೂದಲಿನ ಹಾಗೆ ಬಂದವು. ಮಧ್ಯಾಹ್ನದ ಹೊತ್ತಿಗೆ ಉಳಿದದ್ದು ಒಂದೇ ಬೋಲ್ಟು. ನಾನು ಕೈ ಒರೆಸಿಕೊಂಡು ಶಿರಸಿಗೆ ಫೋನು ಮಾಡಿ, "ಸಂಜೆ ಇಂಜಿನ್ ತರ್ತೇನೆ, ಜಾಗ ಮಾಡಿ ಇಟ್ಕೊಳ್ಳಿ" ಎಂದು ಅಪ್ಪಣೆ ಕೊಟ್ಟೆ. "ನೀವೇ ಬಿಚ್ಚಿದ್ರಾ?" ಎಂದ. ಮೆಚ್ಚಿ ಕೇಳಿದ ಎಂದುಕೊಂಡೆ.

ಸದರಿ ಬೋಲ್ಟು ಇದ್ದದ್ದು ಕೆಳಗೆ, ಒಂದು ತಗಡಿನ ಮರೆಯಲ್ಲಿ. ಕಣ್ಣಿಗೆ ಕಾಣದು. ಕಾಣದಿದ್ದರೇನು? ನನ್ನ ಕೈಗೆ ಅದೇ ರೂಢಿಯಲ್ಲವೇ! ವ್ಯಾನಿನ ಅಡಿಗೆ ಅಂಗಾತ ಮಲಗಿ, ಕೈ ತೂರಿಸಿ, ಪಾನಾ ಹಚ್ಚಿ, ಒಂದು ಎಳೆತ ಎಳೆದೆ. ಅಲುಗಲಿಲ್ಲ. ಉಸಿರು ಕಟ್ಟಿ ಇನ್ನೊಂದು ಎಳೆದೆ. ಕುಲದೇವರಾದ ವೀರಭದ್ರನನ್ನು ನೆನೆದು ಮತ್ತೊಂದು ಎಳೆದೆ. ಬೋಲ್ಟು ಅಲುಗುವುದಿರಲಿ, ಪ್ರತಿ ಎಳೆತಕ್ಕೂ ಇನ್ನಷ್ಟು ಜಿದ್ದಿಗೆ ಬಿದ್ದಂತೆ ಕಂಡಿತು. ಗಿರಣಿಯಲ್ಲಿ ಒಂದು ಕಬ್ಬಿಣದ ಪೈಪು ಬಿದ್ದಿತ್ತು. ಅದನ್ನು ಪಾನಾದ ಹಿಡಿಕೆಗೆ ತೊಡಿಸಿ, ಒಂದು ಕಾಲನ್ನು ಗಾಲಿಗೆ ಒತ್ತುಕೊಟ್ಟು, ಮೈಯಲ್ಲಿದ್ದ ರೊಟ್ಟಿಯ ಶಕ್ತಿಯನ್ನೆಲ್ಲ ಹಾಕಿ ಎಳೆದೆ. ಟಕ್ ಎಂದಿತು!

"ಬಂತು!" ಎಂದು ಕೂಗಿದೆ.

ಬಂದದ್ದು ಪಾನಾ. ಪೈಪಿನ ಸಮೇತ ಬಂದು ನನ್ನ ಹಣೆಗೆ ಬಡಿಯಿತು. ಕೈ ಹಾಕಿ ಸವರಿದರೆ ಬೋಲ್ಟಿನ ತಲೆಯ ಆರು ಮೂಲೆಗಳೂ ಹೋಗಿ, ತಲೆ ಗೋಲಿಯ ಹಾಗೆ ದುಂಡಗಾಗಿತ್ತು. ಇನ್ನು ಅದಕ್ಕೆ ಯಾವ ಪಾನಾ ಕೂಡ ಕಚ್ಚುವುದಿಲ್ಲ. ಹಣೆಯ ಮೇಲೂ ಅಷ್ಟೇ ದುಂಡನೆಯ ಗುಮಟಿ ಎದ್ದಿತು.

"ಏನ್ ಬಂತ್ರೀ?" ಎಂದು ಗಿರಿಜೆ ಒಳಗಿಂದ ಕೇಳಿದಳು.

"ಬರಾಕ್ಹತ್ತೈತಿ!" ಎಂದೆ.

ಶನಿವಾರ ಹೆಗಡೇರು ಗೋಧಿ ಬೀಸಿಸಲು ಬಂದರು. ಗಿರಿಜೆ ದೋಸೆಗೆಂದು ಕೇಳಿಕೊಂಡಿದ್ದ, ಜೇನಿನಂತೆ ಹರಿಯುವ ಜೋನಿ ಬೆಲ್ಲವನ್ನು ಒಂದು ದೊಡ್ಡ ಬಾಟಲಿಯಲ್ಲಿ ತುಂಬಿ ತಂದಿದ್ದರು. ವ್ಯಾನಿನ ಹೊರಗೆ ಚಾಚಿದ್ದ ನನ್ನ ಎರಡು ಕಾಲುಗಳನ್ನು ನೋಡಿ ಅಲ್ಲೇ ನಿಂತರು.

"ಎಂತ ಮಾರಾಯಾ ಬಸಣ್ಣ, ಕಾಲು ಮಾತ್ರ ಕಾಣ್ತದೆ? ಉಳಿದದ್ದೆಲ್ಲ ಎಲ್ಲಿ ಹೋಯ್ತು?"

ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಂಡಿದೆ ಎಂದು ವಿವರಿಸಿದೆ. ಅವರು ಬಾಯಲ್ಲಿದ್ದ ಎಲೆಯಡಿಕೆಯ ಕವಳವನ್ನು ಒಂದು ಕಡೆ ದವಡೆಗೆ ಸರಿಸಿ ಯೋಚಿಸಿದರು.

"ನೋಡು, ನಮ್ಮ ಮೊಮ್ಮಗ ಮಾಣಿ ಮೊಬೈಲಲ್ಲಿ ತೋರ್ಸಿದ್ದ. ಹೊರದೇಶದಲ್ಲಿ ತುಕ್ಕು ಹಿಡಿದ ಕಬ್ಬಿಣ ಎಲ್ಲ ಕಬ್ಬಿನ ಕಾಕಂಬಿಯಲ್ಲಿ ಅದ್ದಿ ಇಡ್ತಾರಂತೆ. ತುಕ್ಕು ಬಿಟ್ಟು ಫಳಫಳ ಹೊಳೀತದಂತೆ. ನಮ್ಮ ಜೋನಿ ಬೆಲ್ಲವೂ ಅಂಥದ್ದೇ ಅಲ್ದಾ? ಸುಮ್ನೆ ಹೇಳ್ದೆ. ಮಾಡು ಅಂತ ಹೇಳ್ತಾ ಇಲ್ಲೆ ನಾನು."

ಕೊನೆಯ ವಾಕ್ಯ ನನ್ನ ಕಿವಿಗೆ ಬೀಳಲೇ ಇಲ್ಲ. ಹೊರದೇಶದ ವಿದ್ಯೆ, ನಮ್ಮೂರಿನ ಬೆಲ್ಲ! ಹೆಗಡೇರು ಹಿಟ್ಟು ತೆಗೆದುಕೊಂಡು ಹೋದದ್ದೇ ತಡ, ಬಾಟಲಿ ತಂದು ಸೀಟಿನ ಕಿಂಡಿಯಿಂದ ಬೋಲ್ಟಿನ ಅಂದಾಜಿಗೆ ಸುರಿದೆ. ಅಂದಾಜು ತಪ್ಪಿರಬಹುದೆಂದು ಇನ್ನಷ್ಟು ಸುರಿದೆ. ಬೋಲ್ಟಿನ ದಾರಿ ಹುಡುಕುತ್ತಾ ಬೆಲ್ಲ ಇಂಜಿನ್ನಿನ ಮೈಮೇಲೆಲ್ಲ ನಿಧಾನವಾಗಿ ಇಳಿಯಿತು. ಬಾಟಲಿ ಖಾಲಿಯಾಯಿತು. ರಾತ್ರಿ ಕಳೆದರೆ ಸಾಕು, ಬೆಳಿಗ್ಗೆ ಬೆರಳಿನಲ್ಲಿ ತಿರುಗಿಸಿದರೆ ಬಂದುಬಿಡುತ್ತದೆ ಎಂದು ನೆಮ್ಮದಿಯಿಂದ ಮಲಗಿದೆ. ಹಾಗೆ ನೆನೆಸಿಡುವುದು ವಾರಗಟ್ಟಲೆ ಎಂಬ ವಿಷಯವನ್ನು ಹೆಗಡೇರ ಮೊಮ್ಮಗ ಅವರಿಗೆ ಹೇಳಿರಲಿಲ್ಲ.

ಭಾನುವಾರ ಬೆಳಿಗ್ಗೆ ಹೋಗಿ ನೋಡುತ್ತೇನೆ, ಇಂಜಿನ್ ಕೆಂಪಾಗಿದೆ! ಹೊಳಪಿಗೆ ಕೆಂಪಾದದ್ದಲ್ಲ. ಇರುವೆ! ನಮ್ಮೂರಿನ ಕೆಂಪಿರುವೆಗಳ ಸಕಲ ಸಂಸಾರವೂ ಕಂಕುಳಲ್ಲಿ ಮೊಟ್ಟೆ ಇಟ್ಟುಕೊಂಡು ನನ್ನ ವ್ಯಾನಿನೊಳಗೆ ಒಕ್ಕಲು ಬಂದಿತ್ತು. ಅಂಗಳದ ಮಾವಿನ ಮರದಿಂದ ಹೊರಟ ಸಾಲು ಮುಂದಿನ ಗಾಲಿಯ ಮೇಲೆ ಹತ್ತಿ, ಸ್ಟೇರಿಂಗಿನ ಕಂಬದ ಗುಂಟ ಇಳಿದು, ಅತ್ಯಂತ ಶಿಸ್ತಿನಿಂದ ಇಂಜಿನ್ನಿನೊಳಗೆ ಹೋಗುತ್ತಿತ್ತು. ವಾಪಸ್ ಬರುವವರಿಗೆ ಬೇರೆ ಸಾಲು.

ಅದೇ ಹೊತ್ತಿಗೆ ಅಡುಗೆಮನೆಯಿಂದ ಗಿರಿಜೆಯ ದನಿ ಬಂತು. "ಜೋನಿ ಬೆಲ್ಲದ ಬಾಟ್ಲಿ ಎಲ್ಲೈತ್ರೀ?"

ಸುಳ್ಳು ಹೇಳಲು ಸಮಯ ಇರಲಿಲ್ಲ. ಹೇಳಿದೆ. ಅವಳು ದೋಸೆಯ ಸಟ್ಟುಗ ಹಿಡಿದೇ ಹೊರಗೆ ಬಂದು ಇರುವೆಗಳನ್ನು ನೋಡಿದಳು. ನನ್ನನ್ನು ನೋಡಿದಳು.

"ಹಂಗಾರ ದೋಸಿಗೆ ಏನ್ ಹಚ್ಕೊಂಡು ತಿಂತೀರಿ? ಗ್ರೀಸಾ?"

ದೋಸೆಯನ್ನು ಖಾರದ ಪುಡಿಯಲ್ಲಿ ತಿಂದು, ಇರುವೆಗಳಿಗೆ ಬೂದಿ ಚೆಲ್ಲಿ, ಮತ್ತೆ ವ್ಯಾನಿನ ಅಡಿಗೆ ಹೊಕ್ಕೆ. ಈ ಸಲ ಸುತ್ತಿಗೆ, ಚಾಣ. ಗಿರಣಿ ಕಲ್ಲು ಕಟೆಯುವ ಚಾಣವನ್ನು ಬೋಲ್ಟಿನ ತಲೆಗೆ ಓರೆಯಾಗಿ ಇಟ್ಟು ಹೊಡೆದು ಹೊಡೆದು ತಿರುಗಿಸುವ ಉಪಾಯ. ಸುತ್ತಿಗೆಯ ಮೊದಲ ಪೆಟ್ಟು ಚಾಣಕ್ಕೆ ಬಿತ್ತು. ಎರಡನೆಯದು ಹೆಬ್ಬೆರಳಿಗೆ. ನಾನು ಹಾಕಿದ ಕೂಗಿಗೆ ಗಿರಿಜೆ ಚಹಾದ ಲೋಟ ಹಿಡಿದು ಬಂದು, ಗಾಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಯಾ ಕಡೆ ತಿರಗಸಾಕ್ಹತ್ತೀರಿ?"

"ಬಿಚ್ಚೂ ಕಡೆ."

"ಬಿಚ್ಚೂ ಕಡೆ ಅಂದ್ರ ಯಾ ಕಡೆ? ಕೈ ಮಾಡಿ ತೋರಸ್ರಿ."

ಗಾಳಿಯಲ್ಲಿ ಕೈ ತಿರುಗಿಸಿ ತೋರಿಸಿದೆ. ಗಿರಿಜೆ ಲೋಟ ಕೆಳಗಿಟ್ಟಳು.

"ಅಯ್ಯ ಶಿವನ! ಅದು ಗಿರಣಿ ನಟ್ ಬಿಚ್ಚೂ ಕಡೆ ಅಲ್ಲೇನ್ರೀ?"

ಗಿರಣಿಯ ವಿಷಯ ಗೊತ್ತಿಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಲೋಕದ ನಟ್ಟು ಬೋಲ್ಟುಗಳೆಲ್ಲ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತವೆ, ಬಲಕ್ಕೆ ತಿರುಗಿಸಿದರೆ ಬಿಗಿಯಾಗುತ್ತವೆ. ನಮ್ಮ ಗಿರಣಿಯ ಕಲ್ಲಿನ ನಟ್ಟು ಮಾತ್ರ ಉಲ್ಟಾ. ಕಲ್ಲು ತಿರುಗುವ ರಭಸಕ್ಕೆ ತಾನಾಗಿ ಬಿಚ್ಚಿಕೊಳ್ಳಬಾರದೆಂದು ಅದಕ್ಕೆ ಹಾಗೆ ಸುತ್ತು ಕೊಯ್ದಿರುತ್ತಾರೆ. ಅದು ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಕಣ್ಣಿಗೆ ಕಾಣುವ ಮೂರು ಬೋಲ್ಟುಗಳನ್ನು ನಾನು ನೋಡಿ ಬಿಚ್ಚಿದ್ದೆ, ಸರಿಯಾಗಿ ಬಿಚ್ಚಿದ್ದೆ. ಕಾಣದ ನಾಲ್ಕನೆಯದಕ್ಕೆ ಕೈ ತೂರಿಸಿದ್ದೇ ತಡ, ಕೈ ತನ್ನ ಗಿರಣಿಯ ರೂಢಿಗೆ ಹೋಗಿಬಿಟ್ಟಿತ್ತು. ಅಂದರೆ ಶುಕ್ರವಾರ ಮಧ್ಯಾಹ್ನದಿಂದ ಭಾನುವಾರದವರೆಗೆ, ಪೈಪು ಹಾಕಿ, ಗಾಲಿಗೆ ಒದ್ದು, ವೀರಭದ್ರನ ಹೆಸರು ಹೇಳಿ, ನಾನು ಆ ಬೋಲ್ಟನ್ನು ಬಿಗಿ ಮಾಡುತ್ತಿದ್ದೆ!

ಗಿರಿಜೆ ನಗುತ್ತಾಳೆ ಎಂದುಕೊಂಡೆ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಎದ್ದುಹೋಗಿ ಗಿರಣಿಯ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

"ನಾ ಬಂಗಾರ ಕೇಳಲಿಲ್ಲ, ಸೀರಿ ಕೇಳಲಿಲ್ಲ. ನನ್ನ ಫೋಟೋ ಇದ್ದದ್ದು ಒಂದು ಕಾರ್ಡ್ ಬೇಕಾಗಿತ್ರೀ ನನಗ. ಅಷ್ಟ. ಹೋದ ಸಲ ನಿಮಗ ಹೋಳಗಿ ಹೆಚ್ಚಾತು, ಈ ಸಲ ನಿಮ್ಮ ಕೈಗುಣ ಹೆಚ್ಚಾತು."

ನನಗೆ ನಿಜಕ್ಕೂ ಬಹಳ ಕೆಟ್ಟದೆನಿಸಿತು. ಹೆಬ್ಬೆರಳಿನ ನೋವು ಕೂಡ ಮರೆತುಹೋಯಿತು. ಏನಾದರೂ ಸಮಾಧಾನ ಹೇಳೋಣವೆಂದು ಹತ್ತಿರ ಹೋದರೆ ಅವಳು ಆಗಲೇ ಕಿವಿಗೆ ಫೋನು ಹಚ್ಚಿದ್ದಳು. "ಮಾಂತೇಶಾ, ನಾಳೆ ಬೆಳಿಗ್ಗಿ ಜಲ್ದಿ ಬಾ. ನಿಮ್ಮ ಮಾವಾರು ಇಂಜಿನ್ ಗಟ್ಟಿ ಮಾಡ್ಯಾರ."

ಸೋಮವಾರ ಬೆಳಕು ಹರಿದ ಸ್ವಲ್ಪ ಹೊತ್ತಿಗೇ ಮಹಾಂತೇಶ ಯಲ್ಲಾಪುರದಿಂದ ಬೈಕಿನ ಹಿಂದೆ ಸಣ್ಣದೊಂದು ವೆಲ್ಡಿಂಗ್ ಮಶಿನ್ನು ಕಟ್ಟಿಕೊಂಡು ಬಂದಿಳಿದ. ಪುಣ್ಯಕ್ಕೆ ಅದೇ ಹೊತ್ತಿಗೆ ಹೆಗಡೇರು ತಮ್ಮ ವ್ಯಾನಿನಲ್ಲೇ ಬಂದರು. ಹೆಗ್ಗರಣೆಯಿಂದ ಹಿಂದಿನ ರಾತ್ರಿ ವಾಪಸ್ಸಾಗಿತ್ತಂತೆ, ಟೆಸ್ಟಿನ ವಿಷಯ ಶನಿವಾರವೇ ಗಿರಿಜೆಯಿಂದ ಕೇಳಿದ್ದರಂತೆ.

"ತಗೊಂಡು ಹೋಗು ಗಿರಿಜಾ, ನನಗೂ ಪೇಟೆ ಕೆಲಸ ಅದೆ, ಹಿಂದೆ ಕೂತು ಬರ್ತೆ. ಕ್ಲಚ್ಚು ಮಾತ್ರ ಸ್ವಲ್ಪ ಗಡಸು" ಎಂದರು.

ಗಿರಿಜೆಯ ಮುಖದಲ್ಲಿ ಜೀವ ಬಂತು, ಮರುಕ್ಷಣವೇ ಹೆದರಿಕೆಯೂ ಬಂತು. ಅವಳು ನಮ್ಮ ವ್ಯಾನನ್ನು ಬಿಟ್ಟು ಬೇರೆ ಗಾಡಿಯನ್ನು ಮುಟ್ಟಿದವಳಲ್ಲ. ಆದರೂ ದೇವರಿಗೆ ದೀಪ ಹಚ್ಚಿ, ಸೆರಗು ಬಿಗಿದು ಸಿದ್ಧಳಾದಳು.

ಅಕ್ಕನ ಪಕ್ಕ ಕೂತು ಹೋಗಲು ಒಪ್ಪಿದ ಮಹಾಂತೇಶ, ಹೊರಡುವ ಮೊದಲು ನಮ್ಮ ವ್ಯಾನಿನ ಅಡಿಗೆ ಹೊಕ್ಕು, ಮರೆಯ ತಗಡನ್ನು ಕತ್ತರಿಸಿ ತೆಗೆದು, ಬೋಲ್ಟಿನ ಬೋಳು ತಲೆಯ ಮೇಲೆ ಒಂದು ಹೊಸ ನಟ್ಟು ಇಟ್ಟು ವೆಲ್ಡ್ ಮಾಡಿದ. ಇಂಜಿನ್ನಿನ ಅಡಿಗೆ ಜಾಕು ಕೊಟ್ಟ. ಜಾಕಿನ ಪಕ್ಕಕ್ಕೆ, ಅಕಸ್ಮಾತ್ ಜಾರಿದರೆ ಇರಲಿ ಎಂದು, ಒಂದು ಹಳೆ ಟಯರು ಮಲಗಿಸಿದ.

"ಮಾವ, ಈಗ ಕಾದೈತಿ. ಆರಲಿ. ನಾವು ಬಂದ ಮ್ಯಾಲೆ ಇಬ್ಬರೂ ಕೂಡಿ ಇಳಸೂಣು. ನೀವು ಮುಟ್ಟಬ್ಯಾಡ್ರಿ."

"ಛೇ, ನಾ ಯಾಕ ಮುಟ್ಟಲಿ" ಎಂದೆ.

"ಮುಟ್ಟಬ್ಯಾಡ್ರಿ" ಎಂದಳು ಗಿರಿಜೆ, ಡ್ರೈವರ್ ಸೀಟಿನಿಂದ.

"ಮುಟ್ಬೇಡ ಮಾರಾಯಾ" ಎಂದರು ಹೆಗಡೇರು, ಹಿಂದಿನ ಸೀಟಿನಿಂದ.

ವ್ಯಾನು ಎರಡು ಸಲ ಜಗ್ಗಿ, ಒಮ್ಮೆ ನಿಂತು, ಮತ್ತೆ ಚಾಲು ಆಗಿ ರಸ್ತೆಗೆ ಹತ್ತಿತು. ಅಂಗಳದಲ್ಲಿ ನಾನು ಒಬ್ಬನೇ ಉಳಿದೆ. ನಾನು, ಇರುವೆಗಳು, ಆ ಬೋಲ್ಟು.

ಸ್ವಲ್ಪ ಹೊತ್ತು ನಿಜವಾಗಿಯೂ ಮುಟ್ಟಲಿಲ್ಲ. ಆಮೇಲೆ ಆರಿದೆಯೋ ಇಲ್ಲವೋ ನೋಡುವುದರಲ್ಲಿ ತಪ್ಪೇನಿದೆ ಎನಿಸಿತು. ಮೂರು ದಿನ ಒದ್ದಾಡಿದವನು ನಾನು, ಕೊನೆಗೆ ಬಂದು ಬಿಚ್ಚುವವನು ಇವನೇ? ಗಿರಿಜೆ ವಾಪಸ್ ಬರುವ ಹೊತ್ತಿಗೆ ಇಂಜಿನ್ ಅಂಗಳದಲ್ಲಿ ಕೂತಿದ್ದರೆ ಅವಳ ಮುಂದೆ ನನ್ನ ಮಾನ ಸ್ವಲ್ಪವಾದರೂ ಉಳಿಯುತ್ತದೆ. ಇಷ್ಟು ಯೋಚಿಸುವಷ್ಟರಲ್ಲಿ ನಾನು ವ್ಯಾನಿನ ಅಡಿಗೆ ಮಲಗಿಯೇ ಬಿಟ್ಟಿದ್ದೆ. ಉಟ್ಟಿದ್ದು ಪಂಚೆ. ಜಾಕು ನನ್ನ ಭುಜಕ್ಕೆ ಅಡ್ಡ ಬರುತ್ತಿತ್ತು. ಬೋಲ್ಟು ಹೇಗೂ ಸುಲಭಕ್ಕೆ ಬರುವುದಿಲ್ಲವಲ್ಲ ಎಂದು ಜಾಕು ಇಳಿಸಿ ಪಕ್ಕಕ್ಕೆ ಸರಿಸಿದೆ.

ಪಾನಾ ಹಚ್ಚಿ, ಈ ಸಲ ಎಡಕ್ಕೆ, ಮೆತ್ತಗೆ ತಿರುಗಿಸಿದೆ.

ತಿರುಗಿತು! ಏನು ಹೇಳಲಿ, ವೆಲ್ಡಿಂಗಿನ ಕಾವಿಗೆ ಸಡಿಲಾಗಿತ್ತೋ ಏನೋ, ಬಾಟಲಿಯ ಮುಚ್ಚಳದ ಹಾಗೆ ತಿರುಗಿತು! ನಾನು ಸಂತೋಷದ ಭರದಲ್ಲಿ ತಿರುಗಿಸಿದೆ, ತಿರುಗಿಸಿದೆ, ಪೂರ್ತಿ ತಿರುಗಿಸಿದೆ. ಮುಂದೆ ಏನಾಗುತ್ತದೆ ಎಂಬುದು ತಲೆಗೆ ಬಂದದ್ದು ಬೋಲ್ಟು ಕೈಗೆ ಬಂದ ಮೇಲೆ.

ಧಡಂ!

ಮಹಾಂತೇಶನ ಟಯರು ದೊಡ್ಡದು. ಇಂಜಿನ್ ಅದರ ಮೇಲೆ ಬಂದು ಕೂತಿತು. ನಾನು ಬದಿಗೆ ಉರುಳಿಕೊಂಡು ಬಚಾವಾದೆ. ಕೈ ಕಾಲು ಮುಟ್ಟಿ ನೋಡಿಕೊಂಡೆ, ಎಲ್ಲವೂ ಇದ್ದವು. ಪಂಚೆ ಮಾತ್ರ ಇರಲಿಲ್ಲ. ಅಂದರೆ ಇತ್ತು, ಮುಕ್ಕಾಲು ಭಾಗ ಇಂಜಿನ್ನಿಗೂ ಟಯರಿಗೂ ನಡುವೆ ಇತ್ತು. ಎಳೆದೆ. ಬರಲಿಲ್ಲ. ಬಿಟ್ಟು ಹೊರಗೆ ತೆವಳಿದರೆ ಮೈಮೇಲೆ ಉಳಿಯುವುದು ಬನಿಯನ್ನು ಮತ್ತು ಒಂದು ಪಟ್ಟೆಪಟ್ಟೆ ಚಡ್ಡಿ. ಅಂಗಳ ದಾಟಿದರೆ ಮನೆ. ಯಾರೂ ಇಲ್ಲ, ಓಡಿಬಿಡೋಣ ಎಂದು ತಲೆ ಹೊರಗೆ ಹಾಕುವುದಕ್ಕೂ, ಕೆಳಗಿನ ಓಣಿಯ ಪಾರ್ವತಕ್ಕ ಮತ್ತು ಅವಳ ಸೊಸೆ ಜೋಳದ ಡಬ್ಬಿ ಹೊತ್ತು ಅಂಗಳಕ್ಕೆ ಬರುವುದಕ್ಕೂ ಸರಿಹೋಯಿತು. ತಲೆ ಒಳಗೆ ಎಳೆದುಕೊಂಡೆ.

ಅವರಿಬ್ಬರೂ ಗಿರಣಿಯ ಕಟ್ಟೆಯ ಮೇಲೆ ಕೂತರು. ನಾನು ಅಡಿಯಲ್ಲಿ ಉಸಿರು ಬಿಗಿಹಿಡಿದು ಮಲಗಿದೆ.

"ಗಿರಿಜಕ್ಕ ಇನ್ನೂ ಬಂದಂಗಿಲ್ಲಲ್ಲ ಅತ್ತಿ" ಎಂದಳು ಸೊಸೆ.

"ಪರೀಕ್ಷಾಕ್ಕ ಹೋಗ್ಯಾಳ. ಪಾಸಾಗ್ತಾಳ ನೋಡ, ಶಾಣ್ಯಾಕಿ ಅದಾಳ."

"ಬಸಣ್ಣಾರ?"

"ಅಂವ ಎಲ್ಲೆರ ಉಣ್ಣಾಕ ಹೋಗಿರಬೇಕು. ಅಲ್ಲ, ಮೂರು ದಿನದಿಂದ ಬೋಲ್ಟ್ ಬಿಗಿ ಮಾಡಾಕ್ಹತ್ತಿದ್ನಂತ, ಬಿಚ್ಚಾಕ್ಹತ್ತೇನಿ ಅನ್ಕೊಂಡು!"

ಅತ್ತೆ ಸೊಸೆ ಇಬ್ಬರೂ ಬಿದ್ದು ಬಿದ್ದು ನಕ್ಕರು. ನಮ್ಮೂರಿನಲ್ಲಿ ಅತ್ತೆ ಸೊಸೆ ಕೂಡಿ ನಕ್ಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನ್ನಿಂದ ಒಂದು ಮನೆಯಲ್ಲಾದರೂ ಒಗ್ಗಟ್ಟು ಬಂತಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಇಂಜಿನ್ ಬಿದ್ದ ಸದ್ದಿಗೆ ಬೆದರಿ ದಿಕ್ಕಾಪಾಲಾಗಿದ್ದ ಇರುವೆಗಳು ಮತ್ತೆ ಒಗ್ಗೂಡಿದವು. ಅವುಗಳ ಬೆಲ್ಲದ ಮನೆ ಕುಸಿದಿತ್ತು. ಕುಸಿಯಲು ಕಾರಣನಾದವನು ಅಲ್ಲೇ, ಪಂಚೆಯಿಲ್ಲದೆ, ಅನುಕೂಲವಾಗಿ ಮಲಗಿದ್ದ.

ಮೊದಲನೆಯದನ್ನು ಸಹಿಸಿದೆ. ಎರಡನೆಯದನ್ನು ಹಲ್ಲು ಕಚ್ಚಿ ಸಹಿಸಿದೆ. ಆಮೇಲೆ ಒಂದು ಕಚ್ಚಿದ ಜಾಗವನ್ನು ಇಲ್ಲಿ ಬರೆಯುವಂತಿಲ್ಲ.

"ಅಯ್ಯಯ್ಯಪ್ಪೋ!"

ಪಾರ್ವತಕ್ಕನ ಡಬ್ಬಿ ಉರುಳಿತು. "ಯಾರವಾ ಅದು?"

"ನಾನವ್ವಾ, ಬಸಣ್ಣ!"

"ಬಸಣ್ಣಾ! ಅಲ್ಲೇನ್ ಮಾಡಾಕ್ಹತ್ತಿ?"

"ಇಂಜಿನ್ ಇಳಿಸೇನಿ."

"ಇಳಿಸಿದ್ರ ಹೊರಗ ಬಾರೋ ತಮ್ಮಾ!"

"ಬರಾಕ ಬರೂದಿಲ್ಲವ್ವಾ. ಪಂಚಿ ಸಿಕ್ಕೈತಿ. ನೀವು ಆ ಕಡೆ ಮಾರಿ ಮಾಡ್ರಿ."

ಅವರು ಮುಖ ತಿರುಗಿಸಲಿಲ್ಲ. ಬದಲಿಗೆ ಸೊಸೆ ಓಡಿಹೋಗಿ ಓಣಿಯವರನ್ನೆಲ್ಲ ಸಹಾಯಕ್ಕೆ ಕರೆತಂದಳು! ಜನ ಬಗ್ಗಿ ಬಗ್ಗಿ ನೋಡಿದರು. ಒಬ್ಬರು ಗೋಣಿಚೀಲ ಒಳಗೆ ನೂಕಿದರು. ಒಬ್ಬರು ಇರುವೆಗೆ ಅರಿಶಿನ ಪುಡಿ ಕೊಟ್ಟರು. ಇಂಜಿನ್ ಎತ್ತಲು ಮಾತ್ರ ಯಾರೂ ಮುಂದೆ ಬರಲಿಲ್ಲ. ಬಸಣ್ಣ ಮುಟ್ಟಿದ ಯಂತ್ರ, ಏನಾಗುತ್ತದೋ ಏನೋ, ಮಹಾಂತೇಶನೇ ಬರಲಿ ಎಂದು ತೀರ್ಮಾನವಾಯಿತು.

ಕೊನೆಗೂ ಹಾರ್ನು ಕೇಳಿಸಿತು. ಉದ್ದ ಹಾರ್ನು. ವ್ಯಾನಿನ ಅಡಿಯಿಂದ ನನಗೆ ಕಂಡದ್ದು ಹೆಗಡೇರ ವ್ಯಾನಿನ ಗಾಲಿ. ಜಗ್ಗಲಿಲ್ಲ, ನಿಲ್ಲಲಿಲ್ಲ, ನೀರಿನಂತೆ ಬಂದು ಮಾವಿನ ಮರದ ಬುಡಕ್ಕೆ ನಿಂತಿತು. ಆಮೇಲೆ ಗಿರಿಜೆಯ ಚಪ್ಪಲಿ ಇಳಿದವು.

"ಏನಾತು?" ಎಂದು ಕೂಗಿದೆ. ಕಚ್ಚುವುದು, ಉರಿ, ನಾಚಿಕೆ ಯಾವುದೂ ನೆನಪಿರಲಿಲ್ಲ ಆಗ.

ಚಪ್ಪಲಿಗಳು ಹತ್ತಿರ ಬಂದವು. ಗಿರಿಜೆ ಕುಕ್ಕರುಗಾಲಲ್ಲಿ ಕೂತು ಬಗ್ಗಿದಳು. ಗೋಣಿಚೀಲ ಸುತ್ತಿಕೊಂಡು, ಅರಿಶಿನ ಬಳಿದುಕೊಂಡು, ಹಣೆಯಲ್ಲಿ ಗುಮಟಿ ಹೊತ್ತು ಮಲಗಿದ ಗಂಡನನ್ನು ನೋಡಿದಳು.

"ಪಾಸ್" ಎಂದಳು. "ರಿವರ್ಸ್ ಹೊಡಿ ಅಂದ್ರು, ಹೊಡದೆ. ದಿಬ್ಬದ ಮ್ಯಾಲೆ ನಿಲ್ಸು ಅಂದ್ರು, ನಿಲ್ಲಿಸಿದೆ. ಬಾಯಿ ತಗೀರಿ." ಕೈಯಲ್ಲಿದ್ದ ಪೇಡೆ ನನ್ನ ಬಾಯಿಗೆ ಇಟ್ಟಳು. ಆಮೇಲೆ ನಗಲು ಶುರು ಮಾಡಿದಳು. ಭಾನುವಾರ ನಗಬೇಕಾದದ್ದನ್ನೂ ಸೇರಿಸಿ ನಕ್ಕಳು. ಕಣ್ಣಲ್ಲಿ ನೀರು ಬಂತು ಅವಳಿಗೆ. ನನಗೂ ಬಂತು, ನನ್ನದು ಅರಿಶಿನದ್ದಿರಬೇಕು.

ಮಹಾಂತೇಶ ಜಾಕು ಕೊಟ್ಟು ಇಂಜಿನ್ ಎತ್ತಿದ. ಶಿರಸಿಯ ಮೆಕ್ಯಾನಿಕ್ಕು ರಿಂಗ್ ಹಾಕಿ ಕೊಟ್ಟ. ಇಂಜಿನ್ ಕಾದಾಗ ಈಗಲೂ ವ್ಯಾನಿನೊಳಗೆ ಪಾಯಸದ ವಾಸನೆ ಬರುತ್ತದೆ, ಅದೊಂದು ಬಿಟ್ಟರೆ ಗಾಡಿ ಚೆನ್ನಾಗಿದೆ. ಗಿರಿಜೆ ಓಡಿಸುತ್ತಾಳೆ. ನನಗೆ ಪಾನಾ ಮುಟ್ಟುವುದು ನಿಷೇಧವಾಗಿರುವುದರಿಂದ ಪಕ್ಕದ ಸೀಟಿನಲ್ಲಿ ಕೂತು ಹೋಗಿ, ಚೀಲ ಇಳಿಸುವುದು ಏರಿಸುವುದು ಮಾಡುತ್ತೇನೆ. ಹಿಟ್ಟು ಈಗ ಎಲ್ಲರಿಗೂ ಹೊತ್ತಿಗೆ ಸರಿಯಾಗಿ ಮುಟ್ಟುತ್ತದೆ.

ಮೊನ್ನೆ ಹೆಗಡೇರ ಊರಿನ ಆಚೆಗೆ ಒಂದು ಹೊಸ ಮನೆಗೆ ಹೋಗಿದ್ದೆವು. ಜಗುಲಿಯಲ್ಲಿ ಒಬ್ಬ ಅಜ್ಜಿ ಕೂತಿದ್ದರು. ನಾನು ಹೆಗಲ ಮೇಲೆ ಚೀಲ ಹೊತ್ತು ಅಂಗಳದಲ್ಲಿ ನಿಂತಿದ್ದೆ. ಒಳಗಿನಿಂದ ಸೊಸೆ ಕೇಳಿದರು.

"ಯಾರು ಬಂದ್ರು ಅತ್ತೆ?"

"ಹಿಟ್ಟಿನ ಗಿರಿಜಕ್ಕ ಬೈಂದು. ತಾನೇ ಗಾಡಿ ಹೊಡ್ಕಂಡು ಬೈಂದು ನೋಡು!"

"ಅದೊಂದೇ ಬೈಂದಾ?"

ಅಜ್ಜಿ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು. "ಇಲ್ಲೆ. ಕ್ಲೀನರ್ ಒಬ್ಬ ಬೈಂದ. ಪ್ರಾಯ ಆದವ, ಪಾಪ. ಅವಂಗೂ ಅರ್ಧ ಲೋಟ ಚಾ ಮಾಡು."

ಗಿರಿಜೆಗೆ ಪೂರ್ತಿ ಲೋಟ ಬಂತು. ನನಗೆ ಅರ್ಧ. ಕುಡಿದು, ಲೋಟ ತೊಳೆದಿಟ್ಟು ಬಂದೆ.